ಹಗುರ ವಾರ

ಸಾಬೂನು ಹಚ್ಚಿ ಎರಡು ಸಲ ತೊಳೆದರೂ ಕೈಯಿಂದ ಕಬ್ಬಿಣದ ವಾಸನೆ ಹೋಗುವುದಿಲ್ಲ. ಜಿಮ್ಮಿನಿಂದ ಬಂದು ಜೋಳದ ಹಿಟ್ಟು ನಾದಲು ಕೂತಾಗ, ಬಿಸಿನೀರು ತಾಗಿದ ಕೂಡಲೇ ಅದು ಅಂಗೈಯಿಂದ ಎದ್ದು ಮೂಗಿಗೆ ಬರುತ್ತದೆ. ನಮ್ಮದು ಜೈನರ ಮನೆ, ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಆದ್ದರಿಂದ ನಾಲ್ಕಕ್ಕೆ ಭಾರ ಎತ್ತಿ, ಐದಕ್ಕೆ ಮನೆಗೆ ಓಡಿ ಬಂದು, ಬೆವರು ಆರುವ ಮೊದಲೇ ರೊಟ್ಟಿ ಬಡಿಯುವುದು ನನ್ನ ಈಗಿನ ಪರಿಪಾಠ. ಇವತ್ತು ಚತುರ್ದಶಿ, ನನಗೆ ಒಪ್ಪತ್ತು, ನನ್ನ ಊಟ ಮಧ್ಯಾಹ್ನವೇ ಆಗಿಹೋಗಿದೆ. ರೊಟ್ಟಿ ನಮ್ಮವರೊಬ್ಬರಿಗೆ.

ನನ್ನ ವಯಸ್ಸಿನ ಹೆಂಗಸು, ಅದೂ ಚಿಕ್ಕೋಡಿಯಲ್ಲಿ, ಜಿಮ್ಮಿಗೆ ಹೋಗುತ್ತಾಳೆಂದರೆ ನಿಮಗೆ ನಗು ಬರಬಹುದು. ನಗಬಹುದು, ಸಂಕೋಚ ಬೇಡ. ಮೊದಲ ದಿನ ಅಲ್ಲಿಯ ಆಳೆತ್ತರದ ಕನ್ನಡಿಯಲ್ಲಿ ಚೂಡಿದಾರದ ಕೆಳಗೆ ಬಿಳಿ ಬೂಟು ಹಾಕಿಕೊಂಡು ನಿಂತ ನನ್ನನ್ನು ಕಂಡು ನಾನೇ ನಕ್ಕಿದ್ದೆ. ಬೀಜ-ಗೊಬ್ಬರದ ಅಂಗಡಿಯ ಮಾಳಿಗೆಯ ಮೇಲೆ ಜಿಮ್ಮು. ಮೆಟ್ಟಿಲ ತುಂಬ ಗೊಬ್ಬರದ ಘಾಟು, ಮೇಲೆ ಹೋದರೆ ಮರಾಠಿ ಹಾಡಿನ ಅಬ್ಬರ. ಆ ಹಾಡು ಒಂದು ನಿಮಿಷ ನಿಂತರೆ ನಾವು ಹೆಂಗಸರು ಏದುಸಿರು ಬಿಡುವ ಸದ್ದು ನಮಗೇ ಕೇಳಿಸಿ ನಾಚಿಕೆಯಾಗುತ್ತದೆ. ಹಾಗಾಗಿ ಹಾಡು ನಿಲ್ಲಿಸಬೇಡಿ ಎಂದು ನಾವೇ ಹೇಳಿಟ್ಟಿದ್ದೇವೆ.

ಮಧ್ಯಾಹ್ನದ ಹೆಂಗಸರ ತಂಡಕ್ಕೆ ಕಲಿಸುವವಳು ಸ್ನೇಹಲ, ನಿಪ್ಪಾಣಿಯ ಹುಡುಗಿ. ಮಾತು ಕನ್ನಡದಲ್ಲಿ ಶುರುಮಾಡಿ ಮರಾಠಿಯಲ್ಲಿ ಮುಗಿಸುತ್ತಾಳೆ, ನಡುವೆ ಎಲ್ಲೋ ಒಂದು ಕಡೆ ನಮ್ಮನ್ನು ಬಗ್ಗಿಸಿರುತ್ತಾಳೆ. ಅವಳ ಫೋನಿನಲ್ಲಿ ನನ್ನ ಇಡೀ ವರ್ಷದ ಯೋಜನೆಯಿದೆ. ಮೂರು ವಾರ ಭಾರ ಸ್ವಲ್ಪ ಸ್ವಲ್ಪವೇ ಏರಬೇಕು, ನಾಲ್ಕನೆಯ ವಾರ ಅರ್ಧಕ್ಕೆ ಇಳಿಯಬೇಕು, ಆಮೇಲಿನ ಸುತ್ತು ಹಿಂದಿನ ಸುತ್ತು ಆರಂಭವಾದ ಜಾಗಕ್ಕಿಂತ ತುಸು ಮೇಲಿನಿಂದ ಶುರು. ನಾಲ್ಕನೆಯ ವಾರವನ್ನು ಅವಳು ಹಗುರ ವಾರ ಎನ್ನುತ್ತಾಳೆ. ಎತ್ತಿದಾಗ ಮೈ ದಣಿಯುತ್ತದೆ ಅಷ್ಟೇ, ಗಟ್ಟಿಯಾಗುವುದು ಬಿಟ್ಟಾಗ ಎನ್ನುವುದು ಅವಳ ವಾದ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು. ವರ್ಷವನ್ನು ವಾರಗಳಾಗಿ ಕತ್ತರಿಸಿ ಯೋಜನೆ ಬರೆದು ಮುಖ್ಯೋಪಾಧ್ಯಾಯರಿಂದ ಸಹಿ ಹಾಕಿಸಿಕೊಂಡು, ಕೊನೆಗೆ ಪರೀಕ್ಷೆಯ ಹಿಂದಿನ ವಾರ ಮೂರು ಪಾಠ ಒಟ್ಟಿಗೆ ಓಡಿಸಿದವಳು. ಯೋಜನೆಗಳ ಮೇಲೆ ನನಗೆ ಗೌರವವಿದೆ, ನಂಬಿಕೆ ಕಡಿಮೆ.

ಈಗ ನಡೆಯುತ್ತಿರುವುದು ಆ ನಾಲ್ಕನೆಯ ವಾರ. ಇವತ್ತು ಹೊರಡುವಾಗ ಸ್ನೇಹಲ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ ನನ್ನ ಹತ್ತಿರ ಬಂದು ಕೂತಳು.

"ಕಾಕೂ, ಈ ವಾರ ಎಲ್ಲಾ ಅರ್ಧಾ ಅಷ್ಟ. ಮನ್ಯಾಗೂ ಭಾರ ಎತ್ತಬ್ಯಾಡ್ರಿ."

ನಾನು ಆಯಿತು ಎಂದೆ. ಮೆಟ್ಟಿಲಿಳಿಯುವಾಗ ನಗು ಬಂತು, ಒಳ್ಳೆಯ ನಗುವಲ್ಲ ಅದು. ಮನೆಯಲ್ಲಿರುವ ಭಾರಕ್ಕೆ ವಾರಗಳಿಲ್ಲ. ಮೊದಲ ವಾರ ಎಷ್ಟಿರುತ್ತದೋ ನಾಲ್ಕನೆಯ ವಾರವೂ ಅಷ್ಟೇ ಇರುತ್ತದೆ.

ಆ ಭಾರ ನನ್ನ ಗಂಡ. ಹಾಗೆ ಬರೆಯಲು ನನಗೂ ಮುಜುಗರವೇ, ಆದರೆ ನಿಮ್ಮ ಹತ್ತಿರ ಮುಚ್ಚಿಟ್ಟು ಏನು ಮಾಡಲಿ. ಹಿಂದೆ ರಾಯಬಾಗ ತಾಲ್ಲೂಕಿನಲ್ಲಿ ಪೈಲವಾನರೆಂದು ಹೆಸರಾದವರು. ಎರಡು ವರ್ಷದ ಕೆಳಗೆ ಲಕ್ವ ಹೊಡೆದು ಬಲಮೈ ಬಿದ್ದುಹೋಯಿತು. ಮಾತು ಪೂರ್ತಿ ಹೋಗಿಲ್ಲ, ದಿನಕ್ಕೆ ಒಂದು ಶಬ್ದ ಬಂದರೆ ಹೆಚ್ಚು, ಕೆಲವು ದಿನ ಅದೂ ಇಲ್ಲ. ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ಬಚ್ಚಲಿನಿಂದ ಮತ್ತೆ ಹಾಸಿಗೆಗೆ ಎತ್ತಿ ಕೂರಿಸುವವಳು ನಾನು. ದಿನಕ್ಕೆ ಎಷ್ಟು ಸಲ ಎಂದು ಕೇಳಬೇಡಿ, ಎಣಿಸುವುದನ್ನು ಬಿಟ್ಟಿದ್ದೇನೆ. ನಮಗೆ ಮಕ್ಕಳಿಲ್ಲ. ಸಹಾಯಕ್ಕೆಂದು ಇಟ್ಟುಕೊಂಡ ಒಬ್ಬಾತ ನಾಲ್ಕು ತಿಂಗಳಿಗೆ ತನ್ನ ಸೊಂಟ ಹಿಡಿದುಕೊಂಡು ಹೋದ. ಅವನನ್ನು ಬೈಯಲು ನನಗೆ ಮನಸ್ಸಾಗಲಿಲ್ಲ.

ಬೇಸಿಗೆಯಲ್ಲಿ ನನ್ನ ಸೊಂಟವೂ ಕೈಕೊಟ್ಟಿತು. ಒಂದು ಬೆಳಿಗ್ಗೆ ಅವರನ್ನು ಅರ್ಧ ಎತ್ತಿದವಳು ಅಲ್ಲೇ ಅವರ ಪಕ್ಕದಲ್ಲೇ ಬಿದ್ದೆ. ಇಬ್ಬರೂ ಅಂಗಾತ ಸೂರು ನೋಡುತ್ತಾ ಮಲಗಿದ್ದೆವು, ಹಾಲಿನವಳು ಬಂದು ಬಾಗಿಲು ತಳ್ಳುವವರೆಗೆ. ಆಗ ಮಿರಜಿನಿಂದ ಮೈದುನ ಭರತೇಶ ಬಂದು ವಾರ ಪೂರ್ತಿ ಇಬ್ಬರನ್ನೂ ನೋಡಿಕೊಂಡ. ಇಂಥ ರೋಗಿಗಳನ್ನು ಇಟ್ಟುಕೊಂಡು ನೋಡುವ ಮನೆಯೊಂದು ಮಿರಜಿನಲ್ಲಿದೆ, ಅಣ್ಣನನ್ನು ಅಲ್ಲಿಗೆ ಸೇರಿಸೋಣ ಎಂದ. ಅವನು ಕೆಟ್ಟವನಲ್ಲ. ನಾನು ಒಪ್ಪದಿದ್ದಾಗ ಅವನು ಕೇಳಿದ್ದು ಇಷ್ಟೇ.

"ವೈನಿ, ನೀವೂ ಬಿದ್ರ ಇಬ್ಬರನ್ನ ಯಾರು ಎತ್ತಬೇಕ್ರಿ?"

ದೀಪಾವಳಿಯವರೆಗೆ ತಡೆ ಎಂದೆ. ಅಷ್ಟರೊಳಗೆ ನಾನು ಗಟ್ಟಿಯಾಗದಿದ್ದರೆ ಅವರು ಮಿರಜಿಗೆ ಹೋಗುವುದು ಖರೆ ಎಂದು ನಾನೇ ಮಾತು ಕೊಟ್ಟೆ. ಡಾಕ್ಟರರು ಬೆನ್ನಿಗೆ ಬಲ ಬರಲು ಭಾರ ಎತ್ತಿ ಎಂದರು. ಹೀಗೆ ಬಿಳಿ ಬೂಟು ಬಂತು.

ನನ್ನನ್ನು ಹೆಚ್ಚು ದಣಿಸಿದ್ದು ಮಾತ್ರ ಬೇರೆ ಒಂದು ಸಂಗತಿ. ವ್ಯಾಯಾಮ ಮಾಡಿಸಲು ಬರುತ್ತಿದ್ದ ಫಿಜಿಯೋಥೆರಪಿಯವರು ನಮ್ಮವರ ಎಡಗಾಲು ಒತ್ತಿ ನೋಡಿ, ಇದು ಇನ್ನೂ ಕಬ್ಬಿಣದ ಹಾಗಿದೆ, ಇವರು ನಿಮಗೆ ಅರ್ಧ ಸಹಾಯ ಮಾಡಬೇಕು ಎಂದಿದ್ದರು. ಸೊಂಟಕ್ಕೆ ಅಗಲವಾದ ಪಟ್ಟಿ ಕಟ್ಟಿ, ಅದನ್ನು ಹಿಡಿದು ಎತ್ತಲು ನನಗೆ ಕಲಿಸಿಕೊಟ್ಟರು. ಆದರೆ ಪಟ್ಟಿಗೆ ನನ್ನ ಕೈ ತಾಗಿದ ಕ್ಷಣವೇ ಅವರು ಎರಡರಷ್ಟು ಭಾರವಾಗುತ್ತಿದ್ದರು. ಕಾಲೊತ್ತಿ ಎದ್ದು ಬರುವುದು ಹಾಗಿರಲಿ, ಹಾಸಿಗೆಯೊಳಗೇ ಇಳಿದುಹೋಗುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಮಿರಜಿಗೆ ಹೋಗುವ ಮನಸ್ಸಿದೆಯೇನು ನಿಮಗೆ ಎಂದು ಒಮ್ಮೆ ಕೇಳಿಯೂಬಿಟ್ಟೆ. ಅವರು ಗೋಡೆಯ ಕಡೆ ಮುಖ ತಿರುಗಿಸಿದರು. ಡಾಕ್ಟರರು ಇದು ಮನಸ್ಸು ಕುಗ್ಗಿದ ಲಕ್ಷಣ ಎಂದು ಒಂದು ಗುಳಿಗೆ ಹೆಚ್ಚಿಸಿದರು. ಬದುಕುವ ಆಸೆಯೇ ಹೋಗಿದೆ ಎಂದು ನಾನೂ ನಂಬಿದೆ. ಅವರು ಹಗುರಾಗದಿದ್ದರೆ ನಾನೇ ಬಲವಾಗಬೇಕು, ಬೇರೆ ದಾರಿಯಿಲ್ಲ ಎಂದುಕೊಂಡೆ.

ಸ್ನೇಹಲಳ ಯೋಜನೆ ಸುಳ್ಳಾಗಲಿಲ್ಲ. ಸುತ್ತಿನಿಂದ ಸುತ್ತಿಗೆ ನಾನು ಎತ್ತುವ ಕಬ್ಬಿಣ ಹೆಚ್ಚುತ್ತಾ ಬಂತು. ಆದರೆ ಆ ಹಗುರ ವಾರ ಮಾತ್ರ ನನಗೆ ಒಮ್ಮೆಯೂ ಸಿಕ್ಕಿರಲಿಲ್ಲ. ಜಿಮ್ಮಿನಲ್ಲಿ ಅರ್ಧ ಎತ್ತಿ ಬಂದು ಮನೆಯಲ್ಲಿ ಪೂರ್ತಿ ಎತ್ತುತ್ತಿದ್ದೆ. ಬಿಟ್ಟಾಗ ಗಟ್ಟಿಯಾಗುತ್ತದೆ ಎನ್ನುತ್ತಾಳಲ್ಲ, ಬಿಡುವುದು ಯಾವಾಗ? ಮೊನ್ನೆ ಅವರನ್ನು ಬಚ್ಚಲಿನಿಂದ ತರುವಾಗ ಸೊಂಟದಲ್ಲಿ ಹಳೆಯ ಚಳಕು ಮತ್ತೆ ಮೂಡಿತು. ಯಾರಿಗೂ ಹೇಳಲಿಲ್ಲ. ದೀಪಾವಳಿ ಇನ್ನೇನು ಹತ್ತಿರದಲ್ಲೇ ಇದೆ. ನನಗೆ ದಣಿವಾಗಿದೆ, ನಿದ್ದೆ ಮಾಡಿದರೆ ಹೋಗುವ ದಣಿವಲ್ಲ ಇದು.

ಇವತ್ತು ಹಿಟ್ಟು ನಾದುತ್ತಾ ಮನಸ್ಸು ಅವರ ಊರು ಅಲಖನೂರಿಗೆ ಹೋಯಿತು. ಈ ಕಬ್ಬಿಣದ ವಾಸನೆ ಈ ಸಂಸಾರಕ್ಕೆ ಹೊಸದಲ್ಲ. ಮದುವೆಯಾದ ಹೊಸದರಲ್ಲಿ ಅದು ಅವರ ಕೈಯಿಂದ ಬರುತ್ತಿತ್ತು. ತಾಲೀಮಿನಿಂದ, ಅಂದರೆ ಗರಡಿಮನೆಯಿಂದ, ಬಂದು ಊಟಕ್ಕೆ ಕೂತರೆ ಕಬ್ಬಿಣ, ಕೆಂಪು ಮಣ್ಣು, ಆ ಮಣ್ಣಿಗೆ ಬೆರೆಸುವ ಅರಿಸಿನ, ಎಣ್ಣೆ, ಮಜ್ಜಿಗೆ ಎಲ್ಲವೂ ಸೇರಿ ಅಡುಗೆಮನೆ ತುಂಬ ಒಂದು ಹುಳಿ ವಾಸನೆ. ನಾನು ಕೊಗನೊಳ್ಳಿಯವಳು. ಹೆದ್ದಾರಿಯ ಡೀಸೆಲ್ ಹೊಗೆಯಲ್ಲಿ ಬೆಳೆದ ನಾನೂ ಮೊದಮೊದಲು ಸೆರಗು ಮೂಗಿಗೆ ಹಿಡಿದು ಬಡಿಸುತ್ತಿದ್ದೆ. ಆಮೇಲೆ ಅದು ಬರದ ದಿನ ಏನೋ ಕಳೆದುಕೊಂಡ ಹಾಗೆ ಆಗತೊಡಗಿತು.

ಹೆಂಗಸರು ತಾಲೀಮಿನ ಹೊಸ್ತಿಲು ತುಳಿಯುವಂತಿರಲಿಲ್ಲ. ಆದರೆ ಒಳಗೆ ಏನು ನಡೆದಿದೆ ಎನ್ನುವುದು ನನಗೆ ನೆನೆಹಾಕಿದ ಬಾದಾಮಿಯ ಲೆಕ್ಕದಿಂದಲೇ ತಿಳಿಯುತ್ತಿತ್ತು. ಮಳೆಗಾಲದಲ್ಲಿ ಕುಸ್ತಿಗಳಿಲ್ಲ. ಆಗ ಸಾಮು, ಬಸ್ಕಿ, ಮಣ್ಣು ಅಗೆಯುವುದು, ಹಗ್ಗ ಏರುವುದು. ಖುರಾಕು, ಅಂದರೆ ಪೈಲವಾನರ ಹಾಲು-ತುಪ್ಪ-ಬಾದಾಮಿಯ ಊಟ, ವಾರದಿಂದ ವಾರಕ್ಕೆ ಏರುತ್ತಾ ಹೋಗಿ ಹಾಲಿನ ಪಾತ್ರೆಯೇ ಬದಲಾಗುತ್ತಿತ್ತು. ದೀಪಾವಳಿ ದಾಟಿದ ಮೇಲೆ ಊರೂರಲ್ಲಿ ಕುಸ್ತಿ. ದೊಡ್ಡ ಪೈಲವಾನನ ಜೊತೆ ಜೋಡಿ ಬಿದ್ದಿದ್ದರೆ ಅದರ ಹಿಂದಿನ ದಿನಗಳಲ್ಲಿ ಮೈಗೆ ವಿಶ್ರಾಂತಿ, ತುಪ್ಪ ಕೂಡ ಅಳತೆಗೆ. ಬೇಸಿಗೆಯಲ್ಲಿ ಎಲ್ಲ ಇಳಿದು, ಮತ್ತೆ ಮೊದಲ ಮಳೆಗೆ ಒಂದರಿಂದ ಶುರು. ಬಾದಾಮಿ ಅರೆದು ಥಂಡಾಯಿ ಮಾಡುವುದು ನನ್ನ ಕೆಲಸ, ಅರೆದ ಕಲ್ಲಿಗೆ ಅಂಟಿದ್ದಷ್ಟೇ ನನ್ನ ಪಾಲು. ಅದನ್ನೂ ಬೆರಳಿನಿಂದ ಬಳಿದು ತಿನ್ನುವಾಗ ಅತ್ತೆ ಕಂಡಾರೆಂದು ಗೋಡೆಯ ಕಡೆ ತಿರುಗುತ್ತಿದ್ದೆ.

ಇವೆಲ್ಲದರ ನಡುವೆ ನಮ್ಮ ಅಷ್ಟಮಿ, ಚತುರ್ದಶಿ. ಆ ಎರಡು ತಿಥಿಗಳಲ್ಲಿ ಪೈಲವಾನನಾದರೂ ಸರಿ, ನಮ್ಮ ಅತ್ತೆಯ ಮನೆಯಲ್ಲಿ ಒಪ್ಪತ್ತೇ ಊಟ. ತಾಲೀಮಿನ ಹುಡುಗರಲ್ಲಿ ಅರ್ಧದಷ್ಟು ಜೈನರು. ಕಲಿಸುವ ವಸ್ತಾದರು ಮುಸಲ್ಮಾನರು, ಆದರೂ ಅಥವಾ ಬಹುಶಃ ಅದಕ್ಕೇ, ತಿಥಿಯ ವಿಷಯದಲ್ಲಿ ಬಹಳ ಎಚ್ಚರ. ನೀರಿಗೆ ಹೋಗುವ ನಮ್ಮನ್ನು ನಿಲ್ಲಿಸಿ ನಾಳೆ ಚತುರ್ದಶಿ ಹೌದೋ ಅಲ್ಲವೋ ಎಂದು ಕೇಳಿ ಗಟ್ಟಿ ಮಾಡಿಕೊಳ್ಳುತ್ತಿದ್ದರು. ಆ ದಿನ ತಾಲೀಮಿನಲ್ಲಿ ಯಾರೂ ಬಲ ಹಾಕುವಂತಿಲ್ಲ. ಹಿರಿಯ ಪೈಲವಾನರು ಕಿರಿಯರಿಗೆ ಮೈ ಕೊಡಬೇಕು. ಅಂದರೆ ಎದುರಿಸದೆ, ಉಸಿರು ಮೇಲಿಟ್ಟು, ಕಿರಿಯನು ಎತ್ತಿದ ಹಾಗೆ ಎತ್ತಿಸಿಕೊಳ್ಳಬೇಕು, ಕೆಡವಿದ ಹಾಗೆ ಬೀಳಬೇಕು. ಹುಡುಗರು ಪಟ್ಟು ಕಲಿಯುವುದು ಹಾಗೆ. ನಮ್ಮವರಿಗೆ ಆ ದಿನಗಳೆಂದರೆ ಆಗುತ್ತಿರಲಿಲ್ಲ. ಹೊಟ್ಟೆ ಹಸಿದದ್ದಕ್ಕಲ್ಲ, ಬೇಕೆಂದೇ ಬೀಳುವುದು ಅವರಿಗೆ ಒಗ್ಗುತ್ತಿರಲಿಲ್ಲ. ಒಲೆಯ ಮುಂದೆ ಕೂತು ಅದನ್ನೇ ಗೊಣಗುತ್ತಿದ್ದರು.

ಅಂಥದೇ ಒಂದು ಚತುರ್ದಶಿಯ ಮಧ್ಯಾಹ್ನ. ಅತ್ತೆ ಬಸದಿಗೆ ಹೋಗಿದ್ದರು, ಒಲೆಯ ಮೇಲೆ ಹಾಲು ಇತ್ತು, ಹಿತ್ತಲಲ್ಲಿ ನಾವಿಬ್ಬರೇ. ಇಡೀ ತಾಲ್ಲೂಕಿನಲ್ಲಿ ನಿಮ್ಮನ್ನು ನೆಲ ಬಿಡಿಸುವವರು ಯಾರೂ ಇಲ್ಲವಂತೆ ಹೌದಾ ಎಂದು ನಾನು ಕೆಣಕಿದೆ. ಅವರು ಎದ್ದು ನಿಂತು, ಎತ್ತು ನೋಡೋಣ ಎಂದರು. ನಾನೇನು ಕಡ್ಡಿಯಲ್ಲ, ತವರಿನಲ್ಲಿ ಎರಡೆರಡು ಕೊಡ ಹೊತ್ತವಳು, ಹಸಿ ಮೇವಿನ ಹೊರೆ ಹೊತ್ತವಳು. ಸೊಂಟಕ್ಕೆ ಎರಡೂ ಕೈ ಹಾಕಿ ಎಳೆದೆ. ನೆಲಕ್ಕೆ ಹೂತ ಕಂಬ ಅಲುಗಾಡಬಹುದು, ಅವರು ಅಲುಗಲಿಲ್ಲ. ನಾನು ಎಳೆದಷ್ಟೂ ಕೆಳಗೆ ಇಳಿಯುತ್ತಿದ್ದರು. ಬೇಕೆಂದೇ ಹೀಗೆ ಮಾಡುತ್ತೀರಿ ಎಂದು ಮುನಿಸಿಕೊಂಡೆ. ಅವರು ನಗುತ್ತಾ ಹೇಳಿದ್ದು ಇಷ್ಟು.

"ಬೇಕಂತ ಮಾಡೂದಲ್ಲಬೇ. ಸೊಂಟಕ್ಕ ಕೈ ಬಂತಂದ್ರ ಮೈ ತಾನ ಕೆಳಗ ಇಳೀತೈತಿ. ನನ್ನ ಕೇಳಂಗಿಲ್ಲ."

ಆಮೇಲೆ ನನ್ನ ಮುಖ ಸಣ್ಣದಾದದ್ದು ಕಂಡಿತೋ ಏನೋ, ಇವತ್ತು ಚತುರ್ದಶಿ, ಮೈ ಕೊಡುತ್ತೇನೆ ಬಾ ಎಂದರು. ಮೊದಲು ತಮ್ಮ ಕೈಯನ್ನು ನನ್ನ ಹೆಗಲ ಮೇಲಿಟ್ಟರು. ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಎದೆಯೊಳಗೆ ಉಸಿರು ಮೇಲಕ್ಕೆ ಬಂದದ್ದು ನನಗೆ ಗೊತ್ತಾಯಿತು. ಆಗ ಎತ್ತಿದೆ. ನಂಬುತ್ತೀರೋ ಇಲ್ಲವೋ, ಆ ಆಳು ನೆಲದಿಂದ ಒಂದು ಬೆರಳಷ್ಟು ಮೇಲೆ ಬಂದಿದ್ದರು, ಹೊಟ್ಟು ತುಂಬಿದ ಚೀಲದ ಹಾಗೆ.

"ಎತ್ತಿದಿ," ಎಂದರು ನನ್ನ ಕಿವಿಯ ಹತ್ತಿರ.

ಬಾಗಿಲಲ್ಲಿ ಪೂಜೆಯ ತಟ್ಟೆ ಹಿಡಿದು ಅತ್ತೆ ನಿಂತಿದ್ದರು. ಮಗ ಗಾಳಿಯಲ್ಲಿ, ಸೊಸೆಯ ತೋಳಿನಲ್ಲಿ. ಅವರು ನಮ್ಮನ್ನು ಒಂದು ಸಲ ಪೂರ್ತಿ ನೋಡಿ, ಅವನನ್ನು ಇಳಿಸು, ಹಾಲು ಉಕ್ಕುತ್ತಿದೆ ಎಂದಷ್ಟೇ ಹೇಳಿ ಒಳಗೆ ಹೋದರು. ಆಮೇಲೆ ಎಂದೂ ಆ ಮಾತು ಎತ್ತಲಿಲ್ಲ.

ಇದನ್ನು ನಾನು ಮರೆತಿರಲಿಲ್ಲ. ಎಷ್ಟೋ ಸಲ ನೆನೆದು ನಕ್ಕಿದ್ದೇನೆ. ಆದರೆ ನೆನಪಿನಲ್ಲಿ ಯಾವಾಗಲೂ ಅತ್ತೆಯ ಮುಖ, ಉಕ್ಕುವ ಹಾಲು, ಅಷ್ಟೇ ಇರುತ್ತಿತ್ತು. ಇವತ್ತು ಹಿಟ್ಟಿನ ಕೈಯಲ್ಲಿ ಕೂತವಳಿಗೆ ಅವರ ಆ ಹಿಂದಿನ ಮಾತು ಕೇಳಿಸಿತು. ಮೈ ತಾನೇ ಇಳಿಯುತ್ತದೆ, ನನ್ನನ್ನು ಕೇಳುವುದಿಲ್ಲ ಎಂದಿದ್ದರಲ್ಲ. ನಾದುವ ಕೈ ನಿಂತುಹೋಯಿತು.

ಎರಡು ವರ್ಷದಿಂದ ನಾನು ದಿನವೂ ಮೊದಲು ಅವರ ಸೊಂಟಕ್ಕೇ ಕೈ ಹಾಕುತ್ತಿದ್ದೇನೆ. ಪಟ್ಟಿ ಕಟ್ಟಿ, ಗಟ್ಟಿಯಾಗಿ ಹಿಡಿದು, ಒಮ್ಮೆಲೇ ಎಳೆಯುತ್ತಿದ್ದೇನೆ. ಮಾತು ಹೋದ, ಬಲಗೈ ಹೋದ ಆ ಮೈಯಲ್ಲಿ ತಾಲೀಮು ಮಾತ್ರ ಹೋಗಿಲ್ಲ. ಯಾರೋ ಸೊಂಟ ಹಿಡಿದರು, ನೆಲ ಬಿಡಿಸಲು ಬಂದರು, ಇಳಿ ಎಂದು ಅದು ಇಳಿಯುತ್ತಿದೆ. ಅವರನ್ನು ಕೇಳದೆಯೇ. ಅದನ್ನು ಹಟ ಎಂದುಕೊಂಡೆವು, ಮನಸ್ಸು ಕುಗ್ಗಿದ್ದು ಎಂದುಕೊಂಡೆವು, ಗುಳಿಗೆ ಕೊಟ್ಟೆವು. ನನಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಹಿಟ್ಟಿನ ಕೈಯಿಂದ ಕಣ್ಣೊರೆಸಿಕೊಳ್ಳಲಾಗದೆ ತೋಳಿನಿಂದ ಒರೆಸಿಕೊಂಡೆ.

ಕೈ ತೊಳೆದು ಹೋಗಿ ಅವರ ಮಂಚದ ಮೇಲೆ ಕೂತೆ. ಕುರ್ಚಿಗೆ ಬರುವ ಹೊತ್ತಾಗಿತ್ತು. ಪಟ್ಟಿ ಗೂಟದಲ್ಲಿ ನೇತಾಡುತ್ತಿತ್ತು, ಅದನ್ನು ಮುಟ್ಟಲಿಲ್ಲ. ಇವತ್ತು ಚತುರ್ದಶಿ ಎಂದೆ. ಅವರು ನನ್ನ ಕಡೆ ನೋಡಿದರು.

"ನನಗ ಈ ವಾರ ಹಗುರ ಐತ್ರಿ. ಅರ್ಧಾ ಅಷ್ಟ ಎತ್ತಬೇಕಂತ. ಉಳದ ಅರ್ಧಾ ನಿಮ್ಮದು. ಮೈ ಕೊಡ್ರಿ."

ಬಹಳ ಹೊತ್ತು ನೋಡಿದರು. ಅರ್ಥವಾಯಿತೋ ಇಲ್ಲವೋ ತಿಳಿಯಲಿಲ್ಲ. ಅವರನ್ನು ಅಂಚಿಗೆ ಕೂರಿಸಿ ಅವರ ಎಡಗೈ ತಂದು ನನ್ನ ಹೆಗಲ ಮೇಲಿಟ್ಟುಕೊಂಡೆ, ಅಂದಿನ ಹಾಗೆ. ಸುಮ್ಮನೆ ಕೂತೆವು. ಆಮೇಲೆ ಮೆಲ್ಲಗೆ ಬೆನ್ನ ಹಿಂದಿನಿಂದ ಕೈ ಬಳಸಿದೆ. ಮೈ ಎಂದಿನಂತೆ ಕೆಳಗೆ ಇಳಿಯಿತು. ನಾನು ಎಳೆಯಲಿಲ್ಲ, ಬಿಡಲೂ ಇಲ್ಲ, ಕಾದೆ. ಹೊರಗೆ ಒಂದು ಕಬ್ಬಿನ ಟ್ರ್ಯಾಕ್ಟರು ಕಿಟಕಿ ಅಲುಗಿಸಿಕೊಂಡು ಹೋಯಿತು. ಅದರ ಸದ್ದು ಅಡಗುವ ಹೊತ್ತಿಗೆ ಅವರ ಎದೆಯಲ್ಲಿ ಉಸಿರು ಮೇಲಕ್ಕೆ ಬಂತು. ಎಡಗಾಲಿನ ಬೆರಳುಗಳು ನೆಲ ಒತ್ತಿದವು. ನಾನು ಎದ್ದೆ, ಅವರೂ ನನ್ನ ಜೊತೆ ಎದ್ದರು.

ಪೂರ್ತಿ ಹಗುರವಾದರು ಎಂದು ಹೇಳಲಾರೆ, ಬಲಮೈ ಜೋತುಬಿದ್ದೇ ಇತ್ತು. ಆದರೆ ಎರಡು ವರ್ಷದಲ್ಲಿ ಮೊದಲ ಸಲ ನಾನು ಅವರ ವಿರುದ್ಧ ಎತ್ತಲಿಲ್ಲ. ಕುರ್ಚಿಗೆ ಕೂರಿಸಿದಾಗ ಸೊಂಟದಲ್ಲಿ ಚಳಕು ಬರುತ್ತದೇನೋ ಎಂದು ಕಾದೆ, ಬರಲಿಲ್ಲ. ಅವರ ಸೊಟ್ಟ ಬಾಯಿ ಸ್ವಲ್ಪ ಹೊತ್ತು ಒದ್ದಾಡಿತು.

"ಎತ್ತಿದಿ," ಎಂದರು.

ಈ ಮಾತನ್ನು ಹೇಳುವುದು ಒಬ್ಬ ಪೈಲವಾನನಿಗೆ ಎಂಥ ಕಷ್ಟ ಎಂದು ನನಗೆ ಗೊತ್ತು. ಬೇಕೆಂದೇ ಬೀಳುವುದು ಒಗ್ಗದ ಮನುಷ್ಯ. ಇನ್ನು ಮುಂದೆ ಅವರಿಗೆ ಎಲ್ಲ ದಿನವೂ ಚತುರ್ದಶಿಯೇ. ಸಂತೋಷವಾಗಬೇಕಿತ್ತು ನನಗೆ, ಆಯಿತು ಕೂಡ, ಆದರೆ ಅದರ ಜೊತೆಗೇ ಎದೆ ಭಾರವಾಯಿತು.

ಹಂಚಿನ ಮೇಲೆ ರೊಟ್ಟಿ ಇರುವಾಗಲೇ ಭರತೇಶನ ಫೋನು ಬಂತು. ಮಿರಜಿನ ಆ ಮನೆಯಲ್ಲಿ ಒಂದು ಕೋಣೆ ಖಾಲಿಯಾಗಿದೆ, ಹಬ್ಬದ ತನಕ ಹಿಡಿದಿಡುತ್ತಾರಂತೆ, ಏನು ಮಾಡೋಣ ಎಂದು ಕೇಳಿದ. ಬೇಡ ಎಂದೆ. ಸೊಂಟ ಹೇಗಿದೆ ಎಂದು ಮತ್ತೆ ಕೇಳಿದ.

"ನಿಮ್ಮಣ್ಣ ಮೈ ಕೊಡಾಕ ಸುರು ಮಾಡ್ಯಾರಪಾ," ಎಂದೆ.

ಅವನು ತಾಲೀಮಿನ ಕಡೆ ತಲೆ ಹಾಕಿದವನಲ್ಲ. ಏನು ತಿಳಿದುಕೊಂಡನೋ, ನೀವು ಹೇಳಿದ ಹಾಗೆ ವೈನಿ ಎಂದ.

ಹೊತ್ತು ಇನ್ನೂ ಮುಳುಗಿರಲಿಲ್ಲ. ರೊಟ್ಟಿ ಮುರಿದು, ಪಲ್ಯ ಹಚ್ಚಿ ಮೊದಲ ತುತ್ತು ಬಾಯಿಯ ಹತ್ತಿರ ಹಿಡಿದೆ. ಅವರು ಬಾಯಿ ತೆರೆಯಲಿಲ್ಲ. ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದು, ಅಂಗೈಯನ್ನು ಮೂಗಿನ ಹತ್ತಿರ ತಂದುಕೊಂಡು ಮೂಸಿದರು. ಕಬ್ಬಿಣ. ಆ ವಾಸನೆ ಅವರಿಗೆ ಹೇಳಿಕೊಡಬೇಕಾಗಿಲ್ಲ. ಹುಬ್ಬು ಮೇಲೇರಿಸಿ ನನ್ನ ತೋಳನ್ನು, ಹೆಗಲನ್ನು, ಸೊರಗಿದ ಮುಖವನ್ನು ಒಂದೊಂದಾಗಿ ನೋಡಿದರು. ಅಲಖನೂರಿನ ವಸ್ತಾದರು ಹುಡುಗರನ್ನು ನೋಡುತ್ತಿದ್ದದ್ದು ಹೀಗೇ ಇದ್ದಿರಬೇಕು. ಒಂದು ದಿನಕ್ಕೆ ಒಂದೇ ಶಬ್ದದ ಮನುಷ್ಯ, ಇವತ್ತಿನದು ಮುಗಿದಿದೆ ಎಂದುಕೊಂಡಿದ್ದೆ.

"ಖುರಾಕು?" ಎಂದರು.

ನಾನು ಏನು ತಿನ್ನುತ್ತೇನೆ ಎಂದು ಈ ಮನೆಯಲ್ಲಿ ಯಾರೂ ಕೇಳಿದ್ದಿಲ್ಲ. ಇವತ್ತು ಒಪ್ಪತ್ತು, ನಾಳೆಯಿಂದ ತಿನ್ನುತ್ತೇನೆ ಎಂದೆ. ಅವರು ಒಪ್ಪಿದಂತೆ ಕಾಣಲಿಲ್ಲ, ಆದರೂ ಬಾಯಿ ತೆರೆದರು. ಉಣಿಸಿ, ಬಾಯಿ ಒರೆಸಿ, ದೀಪ ಹಚ್ಚಿದ ಮೇಲೆ ಅಡುಗೆಮನೆಗೆ ಹೋಗಿ ಮೇಲಿನ ಗೂಡಿನಿಂದ ಬಾದಾಮಿಯ ಡಬ್ಬಿ ಇಳಿಸಿದೆ. ಒಂದು ಹಿಡಿ ತೆಗೆದು ಬಟ್ಟಲಿಗೆ ಹಾಕಿ ನೀರು ಹೊಯ್ದೆ. ಬೆಳಿಗ್ಗೆ ಸಿಪ್ಪೆ ಸುಲಿದು ಅರೆಯಬೇಕು. ಕಲ್ಲಿಗೆ ಅಂಟಿದ್ದಲ್ಲ, ಪೂರ್ತಿ ನನಗೆ.